ಕಾರಿನ ಮೈಯ ಸುಳಿಗೆರೆ: ಕೈಯಲ್ಲಿ ಉಜ್ಜುವುದೋ, ಮಶೀನ್ ಹಿಡಿಯುವುದೋ, ಅಂಗಡಿಗೆ ಬಿಡುವುದೋ?

ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತು ಕಾರಿನ ಬಣ್ಣಕ್ಕೂ ಸಲ್ಲುತ್ತದೆ. ಹತ್ತು ಅಡಿ ದೂರದಿಂದ ಕನ್ನಡಿಯ ಹಾಗಿರುವ ಬಾನೆಟ್ಟನ್ನು ಸಂಜೆಯ ಓರೆ ಬಿಸಿಲಿನಲ್ಲಿ ಬಗ್ಗಿ ನೋಡಿ. ಜೇಡ ಬಲೆ ನೇಯ್ದು ಹೋದ ಹಾಗಿರುತ್ತದೆ. ಸೂರ್ಯನ ಬಿಂಬದ ಸುತ್ತ ಕೂದಲೆಳೆಯಂಥ ನೂರಾರು ಗೆರೆಗಳು ಸುಳಿ ಸುತ್ತಿಕೊಂಡಿರುತ್ತವೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಕಾರು ನೋಡಿದಾಗಲೆಲ್ಲ ಅದೇ ಕಾಣುತ್ತದೆ.

ಕಾರಿನ ಮೈ ತೊಳೆದು ಹೊಳೆಸಿ ಕೊಡುವ ಡೀಟೇಲಿಂಗ್ ಅಂಗಡಿಗಳಲ್ಲಿ ಇದಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ನಾನು ಸುಳಿಗೆರೆ ಅಂತಲೇ ಬರೆಯುತ್ತೇನೆ. ಇದನ್ನು ತೆಗೆಯಲು ಹೊರಟವರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಡಬ್ಬಿ ಪಾಲಿಶ್ ತಂದು ಕೈಯಲ್ಲೇ ಉಜ್ಜಲೇ, ಮಶೀನ್ ಕೊಳ್ಳಲೇ, ಕೊಂಡರೆ ಯಾವುದು, ಅಥವಾ ಸುಮ್ಮನೆ ಅಂಗಡಿಗೆ ಬಿಟ್ಟುಬಿಡಲೇ? ಉತ್ತರ ಎಲ್ಲರಿಗೂ ಒಂದೇ ಅಲ್ಲ. ಆದರೆ ಉತ್ತರ ಹುಡುಕುವ ದಾರಿ ಒಂದೇ. ಯಾವುದು ಹೆಚ್ಚು ಹೊಳೆಸುತ್ತದೆ ಎಂದು ಕೇಳುವ ಮೊದಲು, ಯಾವುದು ನನ್ನ ಬಣ್ಣದಲ್ಲಿ ಎಷ್ಟನ್ನು ತಿಂದುಹಾಕುತ್ತದೆ ಎಂದು ಕೇಳಬೇಕು.

ಗೆರೆ ಇರುವುದು ಎಲ್ಲಿ

ಈಗಿನ ಬಹುತೇಕ ಕಾರುಗಳ ಮೈಯಲ್ಲಿ ಪದರಗಳಿವೆ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲೊಂದರ ದಪ್ಪ 70 ಮೈಕ್ರಾನ್ ಆಸುಪಾಸು ಎಂದರೆ, ನಾವು ಉಜ್ಜಲು ಹೊರಟಿರುವ ಪದರ ಕೂದಲಿಗಿಂತ ತೆಳು. ಹೊಳಪು ಬರುವುದು ಇದರಿಂದ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆದು ಒಳಗಿನ ಬಣ್ಣ ಮಾಸದಂತೆ ಕಾಯುವುದೂ ಇದೇ.

ಸುಳಿಗೆರೆಗಳು ಈ ಪದರದ ನೆತ್ತಿಯ ಮೇಲೆ ಬಿದ್ದ ಸಣ್ಣ ಗೀರುಗಳು. ಆಳ ಹೆಚ್ಚೆಂದರೆ ಎರಡು ಮೂರು ಮೈಕ್ರಾನ್. ಅವು ನಿಜಕ್ಕೂ ಸುತ್ತಾಗಿ ಇರುವುದಿಲ್ಲ. ಗೀರುಗಳು ದಿಕ್ಕಾಪಾಲಾಗಿ ಬಿದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆದು ಕಣ್ಣಿಗೆ ಕಾಣುವುದರಿಂದ ಬೆಳಕಿನ ಬಿಂಬದ ಸುತ್ತ ಸುಳಿಯಿದ್ದಂತೆ ತೋರುತ್ತದೆ. ತಲೆ ಅತ್ತಿತ್ತ ಆಡಿಸಿ ನೋಡಿ, ಸುಳಿಯೂ ನಿಮ್ಮ ಜೊತೆಯಲ್ಲೇ ಸರಿಯುತ್ತದೆ. ಹಾಗಾಗಿ "ನಾನು ಬಟ್ಟೆಯನ್ನು ಸುತ್ತ ತಿರುಗಿಸಿ ಒರೆಸಿದ್ದರಿಂದ ಹೀಗಾಯಿತು" ಅನ್ನುವುದು ಅರ್ಧ ಸತ್ಯ. ನೇರವಾಗಿ ಒರೆಸಿದರೂ ಬಟ್ಟೆಯಲ್ಲಿ ದೂಳಿದ್ದರೆ ಗೀರು ಬಿದ್ದೇ ಬೀಳುತ್ತದೆ.

ಪಾಲಿಶ್ ಮಾಡುವುದು ಎಂದರೆ ಗೀರನ್ನು ತುಂಬಿಸುವುದಲ್ಲ. ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ತೇಯ್ದು ಸಮ ಮಾಡುವುದು. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ, ಇಲ್ಲಿ ಕುಡಿಕೆಯಲ್ಲಿರುವುದೇ ನಲವತ್ತು ಚಿಲ್ಲರೆ ಮೈಕ್ರಾನ್. ಕಾರಿನ ಇಡೀ ಆಯುಸ್ಸಿನಲ್ಲಿ ಒಟ್ಟು 7–8 ಮೈಕ್ರಾನ್‌ಗಿಂತ ಹೆಚ್ಚು ತೆಗೆಯಬಾರದು ಎಂಬುದು ಕಸುಬಿನವರು ಪಾಲಿಸುವ ಲೆಕ್ಕ. ಮೀರಿದರೆ ಆ ದಿನ ಏನೂ ಆಗುವುದಿಲ್ಲ. ಕೆಲವು ವರ್ಷ ಬಿಸಿಲು ತಿಂದಮೇಲೆ ಕ್ಲಿಯರ್ ಕೋಟ್ ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಅದಕ್ಕೆ ಪಾಲಿಶ್ ಮದ್ದಲ್ಲ, ಹೊಸ ಪೇಂಟೇ ಗತಿ.

ಆಯ್ಕೆಗೆ ಮೊದಲು ನೋಡಬೇಕಾದ್ದು

ಗೀರಿನ ಆಳ ಮೊದಲನೆಯದು. ಉಗುರಿನ ತುದಿಯನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಸುಳಿಗೆರೆಯಲ್ಲ, ಆಳದ ಗೀರು. ಪಾಲಿಶ್‌ನಲ್ಲಿ ಅದನ್ನು ಪೂರ್ತಿ ತೆಗೆಯಲು ಹೋಗುವುದು ಅಪಾಯ. ಅಂಚು ಸ್ವಲ್ಪ ಮೊಂಡಾದರೆ ಅಷ್ಟು ಎದ್ದು ಕಾಣುವುದಿಲ್ಲ, ಅಷ್ಟಕ್ಕೆ ತೃಪ್ತಿಪಡಬೇಕು.

ಎರಡನೆಯದು ಉಳಿದಿರುವ ದಪ್ಪ. ಹೊಸದಾಗಿ ಕೊಂಡು ಒಮ್ಮೆಯೂ ಪಾಲಿಶ್ ಮಾಡಿಸದ ಕಾರಿಗೆ ಈ ಚಿಂತೆ ಕಡಿಮೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನವರು ಎಷ್ಟು ಸಲ ಉಜ್ಜಿಸಿದ್ದಾರೋ ಯಾರಿಗೆ ಗೊತ್ತು? ಪೇಂಟ್ ದಪ್ಪ ಅಳೆಯುವ ಗೇಜ್ ಸಿಗುತ್ತದೆ. ಆದರೆ ಸಾಧಾರಣ ಗೇಜು ಒಟ್ಟು ಪದರದ ದಪ್ಪ ಹೇಳುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟಿದೆ ಎಂದು ಬೇರೆಯಾಗಿ ಹೇಳುವುದಿಲ್ಲ. ಉಕ್ಕು, ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುವ ಗೇಜು ಪ್ಲಾಸ್ಟಿಕ್ ಬಂಪರಿನ ಮೇಲೆ ಬಾಯಿ ಬಿಡುವುದಿಲ್ಲ. ಒಂದು ಬಾಗಿಲಿನಲ್ಲಿ 120 ತೋರಿಸಿ ಪಕ್ಕದ ಬಾಗಿಲಿನಲ್ಲಿ 250 ತೋರಿಸಿತೆಂದರೆ ಆ ಬಾಗಿಲಿಗೆ ಮತ್ತೆ ಪೇಂಟ್ ಹೊಡೆದಿದ್ದಾರೆ ಎಂದು ಊಹಿಸಬಹುದು. ಅಕ್ಕಪಕ್ಕದ ಭಾಗಕ್ಕಿಂತ ತೀರಾ ಕಡಿಮೆ ತೋರಿಸಿದ ಕಡೆ ಕೈ ಹಿಡಿದು ಕೆಲಸ ಮಾಡಬೇಕು.

ಬಣ್ಣ ಮತ್ತು ಗಟ್ಟಿತನ ಬೇರೆ ಬೇರೆ ಸಂಗತಿಗಳು, ಹಲವರು ಎರಡನ್ನೂ ಬೆರೆಸಿಬಿಡುತ್ತಾರೆ. ಕಪ್ಪು, ಕಡು ನೀಲಿ, ಕಡು ಕೆಂಪಿನಲ್ಲಿ ಗೆರೆ ಎದ್ದು ಕಾಣುತ್ತದೆ. ಬಿಳಿ, ಬೆಳ್ಳಿ ಬಣ್ಣ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಗಟ್ಟಿತನ ಇರುವುದು ಕ್ಲಿಯರ್ ಕೋಟ್‌ನಲ್ಲಿ. ಮೆತ್ತಗಿನದಾದರೆ ಬೇಗ ಗೀರು ಬೀಳುತ್ತದೆ, ಬೇಗ ಹೋಗುತ್ತದೆ, ಆದರೆ ಪಾಲಿಶ್ ಮಾಡಿದ ಗುರುತೇ ಮಬ್ಬಾಗಿ ಉಳಿದುಬಿಡುತ್ತದೆ. ಗಟ್ಟಿಯಾದರೆ ಕೈಯಲ್ಲಿ ಎಷ್ಟು ಉಜ್ಜಿದರೂ ಜಪ್ಪೆನ್ನುವುದಿಲ್ಲ. ಇದನ್ನು ಕಾರಿನ ಹೆಸರು ಕೇಳಿ ಹೇಳಲಾಗದು; ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಒಂದು ಮೂಲೆಯಲ್ಲಿ ಮಾಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ನಿಮ್ಮ ಕಡೆಯ ಲೆಕ್ಕ. ಒಂದು ಪೂರ್ತಿ ದಿನ ಬಿಡುವಿದೆಯೇ? ನೆರಳಿನ ಜಾಗ, ಕರೆಂಟು ಇದೆಯೇ? ಬೆನ್ನು, ಭುಜ ಒಪ್ಪುತ್ತವೆಯೇ? ಇದೊಂದೇ ಸಲದ ಕೆಲಸವೋ, ಮನೆಯಲ್ಲಿ ಎರಡು ಮೂರು ವಾಹನಗಳಿದ್ದು ವರುಷ ವರುಷವೂ ಬೇಕಾಗುವುದೋ? ಕೊನೆಯದಾಗಿ, ಯಾರೂ ಕೇಳಿಕೊಳ್ಳದ ಪ್ರಶ್ನೆ: ನಾಳೆಯಿಂದ ಕಾರು ತೊಳೆಯುವ ರೀತಿ ಬದಲಾಗುತ್ತದೆಯೇ? ತಿರುಗುವ ಬ್ರಶ್ಶಿನ ಕಾರ್ ವಾಶ್‌ಗೆ ಬಿಡುವುದು, ಒಣ ದೂಳನ್ನು ಒಣ ಬಟ್ಟೆಯಲ್ಲಿ ಕೊಡವುವುದು ನಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ತೆಗೆಸಿದರೂ ಕೆಲವೇ ತಿಂಗಳಲ್ಲಿ ಗೆರೆಗಳು ಹಾಜರು.

ಮುಟ್ಟಲೇಬಾರದ, ಮುಟ್ಟುವ ಮೊದಲು ಯೋಚಿಸಬೇಕಾದ ಕಾರುಗಳೂ ಇವೆ. ಹೊಳಪಿಲ್ಲದ ಮ್ಯಾಟ್ ಪೇಂಟಿಗೆ ಪಾಲಿಶ್ ತಾಗಿದರೆ ಅಲ್ಲಿ ಹೊಳೆಯುವ ಕಲೆ ಉಳಿಯುತ್ತದೆ, ವಾಪಸು ತರಲಾಗದು. ಸಿರಾಮಿಕ್ ಕೋಟಿಂಗ್, ಅಂದರೆ ಕ್ಲಿಯರ್ ಕೋಟ್ ಮೇಲೆ ಹಚ್ಚುವ ಗಟ್ಟಿ ರಕ್ಷಣೆಯ ಹೊದಿಕೆ, ಮಾಡಿಸಿದ ಕಾರಿಗೆ ಪಾಲಿಶ್ ಹಿಡಿದರೆ ಮೊದಲು ಹೋಗುವುದು ಆ ಕೋಟಿಂಗೇ. ಹೊಸದಾಗಿ ಪೇಂಟ್ ಹೊಡೆಸಿದ ಭಾಗವನ್ನು ಯಾವಾಗ ಮುಟ್ಟಬಹುದು ಎಂದು ಹೊಡೆದವರನ್ನೇ ಕೇಳಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾರುಗಳಲ್ಲಿ ಉಜ್ಜುವ ಪ್ಯಾಡಿಗೆ ಕಾರಿನ ಬಣ್ಣವೇ ಅಂಟುತ್ತದೆ. ಗಾಬರಿ ಬೇಡ, ಆದರೆ ಅಲ್ಲಿ ತೇಯುತ್ತಿರುವುದು ಬಣ್ಣವನ್ನೇ ಎಂಬುದು ನೆನಪಿರಲಿ.

ಏನೂ ಮಾಡದಿರುವುದು

ಇದೂ ಒಂದು ಆಯ್ಕೆಯೇ. ಬಿಳಿ ಕಾರು, ಸದಾ ಬಯಲಲ್ಲಿ ನಿಲ್ಲುತ್ತದೆ, ತೊಳೆಯುವುದು ಬೇರೆಯವರು, ಮುಂದಿನ ವರ್ಷ ಮಾರುವ ಯೋಚನೆ ಇದೆ. ಇಂಥ ಕಾರಿನ ಸುಳಿಗೆರೆಯನ್ನು ನೀವೊಬ್ಬರೇ ನೋಡುತ್ತಿರುವುದು. ಚೆನ್ನಾಗಿ ತೊಳೆದು ಒಂದು ಕೈ ವ್ಯಾಕ್ಸ್ ಹಚ್ಚಿ ಸುಮ್ಮನಿರಿ. ಕ್ಲಿಯರ್ ಕೋಟ್ ಖರ್ಚು: ಸೊನ್ನೆ.

ಮುಚ್ಚಿ ಮರೆಸುವುದು

ಗ್ಲೇಜ್ ಎಂಬ ಪದಾರ್ಥ, ಕೆಲವು ಬಗೆಯ ವ್ಯಾಕ್ಸ್, ಎಲ್ಲವನ್ನೂ ಒಂದೇ ಏಟಿಗೆ ಮಾಡುತ್ತೇವೆ ಎನ್ನುವ ಕೆಲವು ಪಾಲಿಶ್‌ಗಳು ಗೀರಿನೊಳಗೆ ಎಣ್ಣೆ, ಪಾಲಿಮರ್ ತುಂಬಿ ಅಂಚನ್ನು ಮರೆಮಾಡುತ್ತವೆ. ಅರ್ಧ ಗಂಟೆಯಲ್ಲಿ ಕಾರು ಹೊಸದರಂತೆ ಕಾಣುತ್ತದೆ. ನಾಲ್ಕೈದು ಸಲ ಶ್ಯಾಂಪೂ ಹಾಕಿ ತೊಳೆದರೆ ತುಂಬಿದ್ದು ಹೋಗಿ ಗೆರೆ ಮತ್ತೆ ಎದ್ದು ನಿಲ್ಲುತ್ತದೆ.

ಇದನ್ನು ಮೋಸ ಎಂದು ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಪದರ ತೆಳುವಾಗಿಹೋಗಿ ಇನ್ನು ತೇಯಲಾಗದ ಹಳೆಯ ಕಾರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮನೆಯಲ್ಲಿ ಮದುವೆ, ನಾಡಿದ್ದಿಗೆ ಕಾರು ಚೆಂದ ಕಾಣಬೇಕು ಅಂದರೂ ಇದೇ ಸಾಕು. ಮೋಸವಾಗುವುದು ಗೀರು ತೆಗೆದಿದ್ದೇವೆ ಎಂದು ಹೇಳಿ ಇದನ್ನು ಹಚ್ಚಿ ಕಳಿಸಿದಾಗ. ಪತ್ತೆ ಹಚ್ಚುವುದು ಸುಲಭ. ನೂರಕ್ಕೆ ಹತ್ತರಿಂದ ಹದಿನೈದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಉಳಿದಷ್ಟು ನೀರು ಬೆರೆಸಿ, ಮೆತ್ತಗಿನ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆಯಂಶ ಹೋಗಿ ನಿಜ ಮುಖ ಕಾಣುತ್ತದೆ.

ಕೈಯಲ್ಲಿ ಉಜ್ಜುವುದು

ಖರ್ಚಿನಲ್ಲಿ ಎಲ್ಲಕ್ಕಿಂತ ಅಗ್ಗ: ಒಂದು ಬಾಟಲಿ ಪಾಲಿಶ್, ಅಂಗೈಗೆ ಕೂರುವ ಫೋಮ್ ಅಪ್ಲಿಕೇಟರ್, ನಾಲ್ಕಾರು ಬಟ್ಟೆ. ಅಪಾಯವೂ ಕಡಿಮೆ, ಏಕೆಂದರೆ ಕೈಯಲ್ಲಿ ಕ್ಲಿಯರ್ ಕೋಟ್ ತೂತು ಮಾಡಲು ಬಹಳ ಹಟ ಬೇಕು. ಬಾಗಿಲ ಹಿಡಿಯ ಹಿಂದಿನ ಬಟ್ಟಲಿನಂಥ ಜಾಗದಲ್ಲಿ ಉಗುರು ತಾಗಿ ಬೀಳುವ ಗೆರೆಗಳಿಗೆ ಕೈಯೇ ಸರಿ. ಸಾಮಾನ್ಯ ಮಶೀನು ಅಲ್ಲಿಗೆ ಹೋಗುವುದಿಲ್ಲ.

ತೊಡಕಿರುವುದು ಇಡೀ ಕಾರು ಮಾಡಲು ಹೊರಟಾಗ. ಕೈಯ ಒತ್ತಡ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೆರಳಿನ ಕೆಳಗೆ ಹೆಚ್ಚು, ಅಂಗೈಯ ಕೆಳಗೆ ಕಡಿಮೆ. ಬಾನೆಟ್ ಒಂದಕ್ಕೇ ಒಂದು ಗಂಟೆ ಹಿಡಿದರೂ ಗೆರೆಗಳ ಒಂದು ಪಾಲು ಮಾತ್ರ ಹೋಗಿರುತ್ತದೆ. ನನ್ನ ಮೊದಲ ಕಾರು ಕಪ್ಪು. ಬೇಗ ಆಗಲಿ ಎಂದು ಕಾಂಪೌಂಡ್ ಎನ್ನುವ ಒರಟು ಪಾಲಿಶ್ ತಂದು ಒಂದು ಭಾನುವಾರವಿಡೀ ಉಜ್ಜಿದೆ. ಸಂಜೆ ಹೊತ್ತಿಗೆ ಹಳೆಯ ಗೆರೆಗಳ ಜಾಗದಲ್ಲಿ ನನ್ನದೇ ಕೈಯ ಮಬ್ಬು ಮಚ್ಚೆಗಳು, ಜೊತೆಗೆ ಎರಡು ದಿನ ಎತ್ತಲಾಗದ ಭುಜ. ಕೈಯಲ್ಲಿ ಮಾಡುವುದಾದರೆ ನುಣುಪು ಪಾಲಿಶ್ ಮಾತ್ರ ಬಳಸಿ, ಒಂದಡಿ ಚೌಕದಷ್ಟು ಜಾಗ ಹಿಡಿದು, ಪೂರ್ತಿ ಹೋಗುತ್ತದೆ ಎಂಬ ಆಸೆ ಬಿಟ್ಟು ಮಾಡಿ.

ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದಂತೆ ಎಂದು ಕೇಳುವವರಿಗೆ: ಅದರಲ್ಲಿ ತೇಯುವ ಪುಡಿ ಇರುವುದು ನಿಜ. ಆದರೆ ಅದನ್ನು ಅರೆದಿರುವುದು ಹಲ್ಲಿಗಾಗಿ.

ಡಿಎ ಮಶೀನ್

ಮನೆಯಲ್ಲಿ ತಾವೇ ಮಾಡಿಕೊಳ್ಳುವವರಿಗೆ ನನ್ನ ಮತ ಇದಕ್ಕೇ. ಡಿಎ ಅಂದರೆ ಡ್ಯುಯಲ್ ಆ್ಯಕ್ಷನ್. ಪ್ಯಾಡ್ ತನ್ನ ಸುತ್ತ ತಾನೂ ತಿರುಗುತ್ತದೆ, ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಭೂಮಿ ತಿರುಗುತ್ತ ಸೂರ್ಯನನ್ನೂ ಸುತ್ತುವ ಹಾಗೆ. ಈ ಎರಡು ಚಲನೆ ಸೇರುವುದರಿಂದ ಪ್ಯಾಡಿನ ಯಾವ ಬಿಂದುವೂ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಉಜ್ಜುವುದಿಲ್ಲ, ಒಂದೇ ಕಡೆ ಬಿಸಿ ಏರುವುದಿಲ್ಲ. ಜೋರಾಗಿ ಒತ್ತಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸಿ ಬರೀ ಅದುರುತ್ತದೆ. ಕೆಲಸ ಆಗುವುದಿಲ್ಲ, ಆದರೆ ಪೇಂಟೂ ಸುಡುವುದಿಲ್ಲ. ಕಲಿಯುವವನ ತಪ್ಪನ್ನು ಕ್ಷಮಿಸುವ ಗುಣ ಇದು.

ಕೊಳ್ಳುವಾಗ ನೋಡಬೇಕಾದ್ದು ಥ್ರೋ, ಅಂದರೆ ಓಲಾಟದ ಅಗಲ. 8 ಮಿಲಿಮೀಟರಿನದು ಅದುರು ಕಡಿಮೆ, ಸಣ್ಣ ಕಾರು, ಉಬ್ಬುತಗ್ಗು ಹೆಚ್ಚಿರುವ ಮೈಗೆ ಒಗ್ಗುತ್ತದೆ. 15ರದು ಬೇಗ ಕೆಲಸ ಮಾಡುತ್ತದೆ, ಸಾಮಾನ್ಯ ಬಳಕೆಗೆ ಹದವಾದದ್ದು. 21 ಅಗಲವಾದ ಚಪ್ಪಟೆ ಬಾನೆಟ್, ಟಾಪ್ ಇರುವ ದೊಡ್ಡ ಗಾಡಿಗೆ ಸರಿ, ಸಂದಿಗೊಂದಿಯಲ್ಲಿ ಒದ್ದಾಡುತ್ತದೆ. ಗೇರಿನ ಬಲದಿಂದ ಪ್ಯಾಡನ್ನು ತಿರುಗಿಸಿಯೇ ತಿರುಗಿಸುವ ಇನ್ನೊಂದು ಬಗೆಯಿದೆ. ಅದು ಒತ್ತಿದರೂ ನಿಲ್ಲುವುದಿಲ್ಲ, ಹಾಗಾಗಿ ಗಟ್ಟಿ ಪೇಂಟಿಗೆ ಚುರುಕು. ಆದರೆ ಕ್ಷಮಿಸುವ ಗುಣವೂ ಅಷ್ಟು ಕಡಿಮೆ. ಮೊದಲ ಮಶೀನಿಗೆ ಅದು ಬೇಡ. ಡ್ರಿಲ್ ಮಶೀನಿಗೆ ಸಿಕ್ಕಿಸುವ ಪ್ಯಾಡ್ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆಪಡಬೇಡಿ. ಅದು ಒಂದೇ ಅಕ್ಷದಲ್ಲಿ ತಿರುಗುತ್ತದೆ, ಹಿಡಿತವೂ ನೆಟ್ಟಗಿರುವುದಿಲ್ಲ. ಮುಂದೆ ಹೇಳುವ ರೋಟರಿಯ ಕೆಡುಕೆಲ್ಲ ಇದೆ, ಒಳಿತಿಲ್ಲ.

ಹಣ ಎಲ್ಲಿ ಹಾಕಬೇಕು ಎಂದರೆ ಮಶೀನಿಗಿಂತ ಪ್ಯಾಡಿಗೆ. ಮಧ್ಯಮ ದರ್ಜೆಯ ಮಶೀನು, ಎಂಟು ಹತ್ತು ಒಳ್ಳೆಯ ಪ್ಯಾಡು ಇದ್ದವರು, ದುಬಾರಿ ಮಶೀನು ಎರಡೇ ಪ್ಯಾಡು ಇಟ್ಟುಕೊಂಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ತೇಯ್ದ ಪುಡಿ, ಹಳೆಯ ಪಾಲಿಶ್ ತುಂಬಿಕೊಂಡ ಪ್ಯಾಡ್ ಬಿಸಿಯಾಗುತ್ತದೆ, ತೇಯುವ ಬದಲು ಬಳಿಯುತ್ತದೆ. ಮೈಕ್ರೋಫೈಬರ್ ಪ್ಯಾಡ್ ಹೆಚ್ಚು ತೇಯುತ್ತದೆ, ಗಟ್ಟಿ ಫೋಮ್ ಅದಕ್ಕಿಂತ ಕಡಿಮೆ, ಮೆತ್ತನೆಯ ಫೋಮ್ ಕೊನೆಯ ಹೊಳಪಿಗೆ. ಬಣ್ಣ ನೋಡಿ ಕೊಳ್ಳಬೇಡಿ. ಒಬ್ಬ ತಯಾರಕರ ಕಿತ್ತಳೆ ಇನ್ನೊಬ್ಬರ ಹಳದಿಗೆ ಸಮ, ಮತ್ತೊಬ್ಬರಲ್ಲಿ ಉಲ್ಟಾ.

ಪಾಲಿಶ್ ದ್ರವದಲ್ಲೂ ಎರಡು ಕುಲ. ಕಾಂಪೌಂಡ್ ಒರಟು, ಬೇಗ ತೇಯುತ್ತದೆ, ಹಿಂದೆ ಮಬ್ಬು ಬಿಟ್ಟರೂ ಬಿಟ್ಟೀತು. ಪಾಲಿಶ್ ಅಥವಾ ಫಿನಿಶಿಂಗ್ ಪಾಲಿಶ್ ನುಣುಪು, ಇಡೀ ಒಂದು ಹಂತಕ್ಕೆ ಒಂದು ಮೈಕ್ರಾನ್ ಆಸುಪಾಸು ಮಾತ್ರ ತೇಯ್ದು ಹೊಳಪು ತರುತ್ತದೆ. ಬರೀ ಸುಳಿಗೆರೆಗೆ ಬಹುಪಾಲು ಸಲ ನುಣುಪು ಪಾಲಿಶ್, ಮಧ್ಯಮ ಫೋಮ್ ಸಾಕು. ನಾನು ಕಂಡಂತೆ ಹೆಚ್ಚಿನವರು ಎಡವುವುದು ಇಲ್ಲೇ: ಕಾಂಪೌಂಡಿನಿಂದ ಶುರು ಮಾಡುತ್ತಾರೆ. ಎಲ್ಲಕ್ಕಿಂತ ಮೃದುವಾದ ಪ್ಯಾಡ್, ಪಾಲಿಶ್ ಜೋಡಿಯನ್ನು ಬಾನೆಟ್ಟಿನ ಒಂದು ಮೂಲೆಯಲ್ಲಿ ಪ್ರಯೋಗಿಸಿ, ಆಲ್ಕೋಹಾಲ್ ನೀರಲ್ಲಿ ಒರೆಸಿ, ಟಾರ್ಚ್ ಹಾಕಿ ನೋಡಿ. ಗೆರೆ ಹೋಗಿದ್ದರೆ ಇಡೀ ಕಾರಿಗೆ ಅಷ್ಟೇ ಸಾಕು. ಹೋಗದಿದ್ದರೆ ಮೊದಲು ಪ್ಯಾಡ್ ಬದಲಿಸಿ. ಆಮೇಲೂ ಹೋಗದಿದ್ದರೆ ಮಾತ್ರ ಕಾಂಪೌಂಡ್.

ಮಾಡುವ ಕ್ರಮವನ್ನು ಉದ್ದ ಎಳೆಯುವುದಿಲ್ಲ, ಆದರೆ ಕೆಲವು ಅಳತೆ ಗೊತ್ತಿರಲಿ. ಒಂದೂವರೆಯಿಂದ ಎರಡಡಿ ಚೌಕ. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕೈದು ಹನಿ. ಪ್ಯಾಡನ್ನು ಪೇಂಟಿಗೆ ಇಟ್ಟ ಮೇಲೆ ಮಶೀನ್ ಆನ್ ಮಾಡಿ, ಇಲ್ಲದಿದ್ದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ. ನಿಧಾನ ವೇಗದಲ್ಲಿ ಹರಡಿ, ಆಮೇಲೆ ಆರು ಅಂಕಿಯ ಡಯಲ್ಲಿನಲ್ಲಿ 4 ಅಥವಾ 5. ಕೈ ಸೆಕೆಂಡಿಗೆ ಒಂದು ಇಂಚಿನಷ್ಟು ಸರಿಯಲಿ, ಒಂದು ಗೆರೆಯ ಅರ್ಧದ ಮೇಲೆ ಇನ್ನೊಂದು ಗೆರೆ ಬರಲಿ, ಅಡ್ಡ ಒಮ್ಮೆ ಉದ್ದ ಒಮ್ಮೆ, ಒಟ್ಟು ನಾಲ್ಕರಿಂದ ಆರು ಸುತ್ತು. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೀಟು ಎಳೆದಿಟ್ಟುಕೊಂಡರೆ ಪ್ಯಾಡ್ ತಿರುಗುತ್ತಿದೆಯೋ ನಿಂತಿದೆಯೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದೇ ಹಂತದ ಕೆಲಸಕ್ಕೇ ಇಡೀ ಕಾರಿಗೆ ಆರೇಳು ಗಂಟೆ ಹಿಡಿಯಬಹುದು. ಎರಡು ಹಂತವಾದರೆ ವಾರಾಂತ್ಯ ಪೂರ್ತಿ.

ಅದಕ್ಕೆ ಮೊದಲು ತೊಳೆಯುವ ಕೆಲಸ ಇದೆ, ಇದನ್ನು ಬಿಟ್ಟವರ ಗತಿ ದೇವರಿಗೇ ಪ್ರೀತಿ. ತೊಳೆದು ಒಣಗಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲ ಬೆರಳಿಗೆ ಹಾಕಿಕೊಂಡು ಸವರಿ. ಮರಳು ಕಾಗದದಂತೆ ತರಿತರಿ ಎನಿಸಿದರೆ ಅಂಟಿಕೊಂಡ ಕಬ್ಬಿಣದ ಕಣ, ಮರದ ಅಂಟು, ಟಾರು ಉಳಿದಿವೆ ಎಂದರ್ಥ. ಜೇಡಿಮಣ್ಣಿನಂಥ ಮೆತ್ತಗಿನ ಕ್ಲೇ ಬಾರನ್ನು ಸಾಕಷ್ಟು ಜಾರುವ ದ್ರವ ಹಾಕಿ ಉಜ್ಜಿ ಅದನ್ನು ತೆಗೆಯಬೇಕು. ಕ್ಲೇ ಕೂಡ ಸಣ್ಣ ಗೀರು ಬಿಡುತ್ತದೆ, ಹೇಗೂ ಪಾಲಿಶ್ ಮಾಡುತ್ತೀರಲ್ಲ. ಕಪ್ಪು ಪ್ಲಾಸ್ಟಿಕ್, ರಬ್ಬರು, ಬಾಗಿಲು ಬಾನೆಟ್ಟಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚುಗಳಲ್ಲಿ, ಮೈ ಮಡಿಸಿದ ಏಣುಗಳಲ್ಲಿ ಪೇಂಟ್ ಯಾವಾಗಲೂ ತೆಳು.

ರೋಟರಿ

ಗ್ಯಾರೇಜುಗಳಲ್ಲಿ ರಬ್ಬಿಂಗ್ ಎಂದು ಹೇಳಿ ಓಡಿಸುವುದು ಬಹುತೇಕ ಇದನ್ನೇ. ಒಂದೇ ಅಕ್ಷದ ಸುತ್ತ ತಿರುಗುತ್ತದೆ, ಬಲ ಜಾಸ್ತಿ, ಒತ್ತಿದರೂ ನಿಲ್ಲುವುದಿಲ್ಲ. ಆಳದ ಗೀರು, ಪೇಂಟ್ ಹೊಡೆದಾದ ಮೇಲೆ ನೀರು ಹಾಕಿ ತಿಕ್ಕುವ ಮರಳು ಕಾಗದದ ಗುರುತು ತೆಗೆಯಲು ಅನುಭವಿಯ ಕೈಯಲ್ಲಿ ಇದಕ್ಕೆ ಸಾಟಿಯಿಲ್ಲ. ಅನುಭವ ಇಲ್ಲದ ಕೈಯಲ್ಲಿ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂಚಿನ ಮೇಲೆ ಎರಡು ಮೂರು ಸೆಕೆಂಡ್ ಹೆಚ್ಚು ನಿಂತರೆ ಕ್ಲಿಯರ್ ಕೋಟ್ ಸವೆದು ಬಣ್ಣ ಕಾಣಬಹುದು. ಪ್ಲಾಸ್ಟಿಕ್ ಬಂಪರಿನಲ್ಲಿ ಬಿಸಿ ತಗಡಿನಂತೆ ಹರಡಿಹೋಗುವುದಿಲ್ಲ, ಹಾಗಾಗಿ ಅಲ್ಲಿ ಇನ್ನೂ ಬೇಗ ಸುಡುತ್ತದೆ.

ಇದು ಬಿಡುವ ಇನ್ನೊಂದು ಗುರುತು ಹಾಲೊಗ್ರಾಮ್. ಬಿಸಿಲಿನಲ್ಲಿ ನಡೆದಾಡುತ್ತ ನೋಡಿದರೆ ಬಿಲ್ಲಿನಂಥ ಪಟ್ಟಿಗಳು ಹೊಳೆದು ಮರೆಯಾಗುತ್ತವೆ. ಅಂದರೆ ಸುಳಿಗೆರೆ ಹೋಗಿ ಮಶೀನಿನ ಗೆರೆ ಬಂತು. ಅದನ್ನು ತೆಗೆಯಲು ಕೊನೆಗೆ ಸಾಮಾನ್ಯವಾಗಿ ಡಿಎ ಮಶೀನೇ ಬೇಕು. ಬರೀ ಸುಳಿಗೆರೆ ತೆಗೆಯಬೇಕಾದ ಮನೆಬಳಕೆಯವರಿಗೆ ರೋಟರಿ ಕೊಳ್ಳಿ ಎಂದು ನಾನು ಎಂದೂ ಹೇಳುವುದಿಲ್ಲ, ಅದು ಎಷ್ಟೇ ಅಗ್ಗಕ್ಕೆ ಸಿಗಲಿ.

ಅಂಗಡಿಗೆ ಬಿಡುವುದು

ಒಂದೇ ಕಾರು, ಒಂದೇ ಸಲ, ಜಾಗವಿಲ್ಲ, ಪುರುಸೊತ್ತಿಲ್ಲ ಅನ್ನುವವರಿಗೆ ಮಶೀನು, ಪ್ಯಾಡು, ಪಾಲಿಶ್ ಎಲ್ಲ ಕೂಡಿಸಿದ ಲೆಕ್ಕಕ್ಕಿಂತ ಅಂಗಡಿಯೇ ಅಗ್ಗ ಆದೀತು. ಎರಡನೆಯ ಸಲಕ್ಕೆ ಲೆಕ್ಕ ಸಮವಾಗುತ್ತದೆ, ಮೂರನೆಯದಕ್ಕೆ ಮಶೀನೇ ಗೆಲ್ಲುತ್ತದೆ. ನಿಮ್ಮ ದಿನದ ಬೆಲೆಯನ್ನು ನೀವೇ ಸೇರಿಸಿಕೊಳ್ಳಿ.

ಆದರೆ ಅಂಗಡಿ ಅಂದರೆ ಒಂದೇ ದರ್ಜೆಯಲ್ಲ. ಎರಡು ಗಂಟೆಯಲ್ಲಿ ರಬ್ಬಿಂಗ್, ಪಾಲಿಶಿಂಗ್, ವ್ಯಾಕ್ಸಿಂಗ್ ಮೂರೂ ಮುಗಿಸಿ ಕೊಡುವವರು ಮೇಲೆ ಹೇಳಿದ ಮುಚ್ಚಿ ಮರೆಸುವ ಕೆಲಸವನ್ನೇ ರೋಟರಿ ಹಿಡಿದು ಮಾಡುತ್ತಿರುತ್ತಾರೆ. ನನ್ನ ಎರಡನೆಯ ಕಾರು ಒಮ್ಮೆ ಹೀಗೇ ಹೊಳೆಯುತ್ತ ಮನೆಗೆ ಬಂದು, ಮೂರು ವಾರದಲ್ಲಿ ಮೈತುಂಬ ಹಾಲೊಗ್ರಾಮ್ ತೋರಿಸಿತು. ಅಂದಿನಿಂದ ಬಿಡುವ ಮೊದಲು ಕೇಳುತ್ತೇನೆ. ಯಾವ ಮಶೀನ್ ಬಳಸುತ್ತೀರಿ? ಎಷ್ಟು ಹಂತ? ದಪ್ಪ ಅಳೆದು ತೋರಿಸುತ್ತೀರಾ, ಮುಂಚೆ ಮತ್ತು ಆಮೇಲೆ? ಕೋಟಿಂಗ್ ಹಚ್ಚುವ ಮುನ್ನ ಆಲ್ಕೋಹಾಲಿನಲ್ಲಿ ಒರೆಸಿ ಬಿಸಿಲಿನಲ್ಲಿ ನೋಡಲು ಬಿಡುತ್ತೀರಾ? ಈ ಕೊನೆಯ ಪ್ರಶ್ನೆಗೆ ಮುಖ ಹುಳ್ಳಗೆ ಮಾಡಿಕೊಂಡರೆ ಕೀಲಿ ಜೇಬಿಗೆ ಹಾಕಿಕೊಂಡು ವಾಪಸು ಬರುವುದು ಒಳ್ಳೆಯದು. ನೂರಕ್ಕೆ ನೂರು ಗೀರು ತೆಗೆದುಕೊಡುತ್ತೇವೆ ಎನ್ನುವವರಿಗಿಂತ, ಎಂಬತ್ತು ತೆಗೆದು ಉಳಿದದ್ದನ್ನು ಪೇಂಟಿನ ಒಳಿತಿಗಾಗಿ ಬಿಡುತ್ತೇವೆ ಎನ್ನುವವರನ್ನು ನಾನು ನಂಬುತ್ತೇನೆ.

ಹಾಗಾದರೆ ನಿಮಗೆ ಯಾವುದು

ಹೊಸ ಕಾರು, ಕಡು ಬಣ್ಣ, ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸು, ತೊಳೆಯುವುದೂ ನೀವೇ: ಡಿಎ ಮಶೀನ್ ಕೊಳ್ಳಿ, ನುಣುಪು ಪಾಲಿಶ್‌ನಲ್ಲಿ ಒಮ್ಮೆ ಮಾಡಿ, ಮುಂದೆ ವರ್ಷಕ್ಕೊಮ್ಮೆ ಎಂದು ಕ್ಯಾಲೆಂಡರಿಗೆ ಹಾಕಬೇಡಿ, ಗೆರೆ ಕಂಡಾಗ ಕಂಡ ಭಾಗಕ್ಕೆ ಮಾತ್ರ. ಹತ್ತು ವರ್ಷದ ಸೆಕೆಂಡ್ ಹ್ಯಾಂಡ್ ಕಾರು, ಚರಿತ್ರೆ ಗೊತ್ತಿಲ್ಲ: ದಪ್ಪ ಅಳೆಯಿಸಿ, ಅಳತೆ ಸಂಶಯ ತಂದರೆ ಗ್ಲೇಜ್ ಹಚ್ಚಿ ಖುಷಿಪಡಿ. ಕೈಯಲ್ಲಿ ದುಡ್ಡು ಕಡಿಮೆ, ಹಟ ಜಾಸ್ತಿ: ಕಣ್ಣಿಗೆ ನೇರ ಬೀಳುವ ಬಾನೆಟ್ಟು ಮತ್ತು ಚಾಲಕನ ಬಾಗಿಲನ್ನು ಮಾತ್ರ ಕೈಯಲ್ಲಿ ಮಾಡಿ, ಉಳಿದದ್ದನ್ನು ಮರೆತುಬಿಡಿ. ಮಾರುವ ಕಾರಿಗಾದರೆ ಅಂಗಡಿಯಲ್ಲಿ ಒಂದೇ ಹಂತದ ಪಾಲಿಶ್ ಸಾಕು. ಎರಡು ಹಂತದ ಕೆಲಸಕ್ಕೆ ಹಾಕಿದ ಹಣ ಕೊಳ್ಳುವವರಿಂದ ವಾಪಸು ಬರುವುದಿಲ್ಲ. ಕಾರು ಚಾಲಕರ ಕೈಯಲ್ಲೋ ಬ್ರಶ್ಶಿನ ಕಾರ್ ವಾಶಿನಲ್ಲೋ ಇರುವುದು ಖಂಡಿತ ಎಂದಾದರೆ ಯಾವುದಕ್ಕೂ ಹಣ ಹಾಕಬೇಡಿ, ಮೊದಲು ಅವರಿಗೆ ಎರಡು ಬಕೆಟ್ ಕೊಡಿಸಿ.

ಎರಡು ಬಕೆಟ್ ಅಂದೆನಲ್ಲ: ಒಂದರಲ್ಲಿ ಶ್ಯಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕಾರಿಗೆ ಮೊದಲು ಧಾರೆ ನೀರು ಬಿಟ್ಟು ದೂಳು ಇಳಿಸಿ, ಮೈಕ್ರೋಫೈಬರ್ ಕೈಗವಸಿನಲ್ಲಿ ಮೇಲಿನಿಂದ ಕೆಳಕ್ಕೆ ತೊಳೆಯುತ್ತ, ಪ್ರತಿ ಭಾಗ ಆದಮೇಲೂ ಬರೀ ನೀರಲ್ಲಿ ಗವಸು ಜಾಲಿಸಿ ಮತ್ತೆ ಶ್ಯಾಂಪೂಗೆ ಅದ್ದುವುದು. ಚಕ್ರಕ್ಕೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ತಾಗಕೂಡದು. ಪಾಲಿಶ್ ಆದ ಮೈಗೆ ವ್ಯಾಕ್ಸೋ, ವ್ಯಾಕ್ಸಿನಂತೆಯೇ ಹಚ್ಚುವ ಕೃತಕ ಸೀಲೆಂಟೋ, ಸಿರಾಮಿಕ್ಕೋ ಏನಾದರೊಂದು ಹೊದಿಕೆ ಬೇಕು. ವ್ಯಾಕ್ಸ್ ಕೆಲವು ವಾರ, ಸೀಲೆಂಟ್ ಕೆಲವು ತಿಂಗಳು, ಸಿರಾಮಿಕ್ ಅದಕ್ಕಿಂತ ಬಹಳ ದಿನ ತಡೆಯುತ್ತದೆ. ಆದರೆ ಸಿರಾಮಿಕ್ ಹಾಕಿದರೆ ಗೀರೇ ಬೀಳುವುದಿಲ್ಲ ಎಂಬುದು ಮಾರುವವರ ಮಾತು. ಕೊಳೆ ಬಿಗಿಯಾಗಿ ಅಂಟುವುದಿಲ್ಲ, ಆದ್ದರಿಂದ ಉಜ್ಜುವುದು ಕಡಿಮೆಯಾಗುತ್ತದೆ, ಅಷ್ಟು ಲಾಭ. ಗೆರೆ ತೆಗೆಯದೆ ಅದರ ಮೇಲೇ ಸಿರಾಮಿಕ್ ಹಾಕಿಸಿದರೆ ಒಳಗಿನ ಗೆರೆ ಗಾಜಿನಡಿಯ ಫೋಟೋದಂತೆ ವರ್ಷಗಟ್ಟಲೆ ಕಾಣುತ್ತಿರುತ್ತದೆ.

ಇನ್ನೊಂದು ಸಣ್ಣ ಕೆಲಸ. ಯಾವ ದಿನ, ಯಾವ ಭಾಗಕ್ಕೆ, ಯಾವ ಪ್ಯಾಡು, ಯಾವ ಪಾಲಿಶ್, ಎಷ್ಟು ಸುತ್ತು, ಗೇಜ್ ಇದ್ದರೆ ದಪ್ಪ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಎರಡು ವರ್ಷದ ಮೇಲೆ ಮತ್ತೆ ಕೈ ತುರಿಸಿದಾಗ ಮೊದಲು ತೆಗೆದು ನೋಡಬೇಕಾದ್ದು ಪಾಲಿಶ್ ಬಾಟಲಿಯಲ್ಲ, ಆ ಚೀಟಿ.